ತೊಳೆದ ಮನೆಗೆ ತೊಳೆಸಿದ ಖರ್ಚು

ಹನ್ನೊಂದು ಸಾವಿರದ ಐದುನೂರು ರೂಪಾಯಿ. ಪುಣೆಯ ವಾಕಡದಲ್ಲಿ ಎರಡು ಕೋಣೆಯ ಫ್ಲ್ಯಾಟೊಂದನ್ನು ಸ್ವಚ್ಛ ಮಾಡಿಸಲು ಇಷ್ಟು ಖರ್ಚಾಯಿತೆಂದು ಹೇಳಿ, ಬಿಟ್ಟು ಹೋದ ಬಾಡಿಗೆದಾರರ ಡಿಪಾಜಿಟ್ಟಿನಿಂದ ನಾನು ಮುರಿದುಕೊಂಡೆ. ನಿಜವಾಗಿ ಖರ್ಚಾದದ್ದು ಆರುನೂರು. ಆ ಆರುನೂರೂ ಬೇಕಿರಲಿಲ್ಲ – ಮನೆ ಮೊದಲೇ ಸ್ವಚ್ಛವಿತ್ತು. ಉಳಿದದ್ದು ನನ್ನ ಜೇಬಿಗೆ ಹೋಯಿತು. ಏಳು ವರ್ಷವಾಯಿತು, ಹೋದ ಭಾನುವಾರದವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳಲು ಕುಳಿತರೆ ಪೆನ್ನು ನಿಲ್ಲುತ್ತಿಲ್ಲ.

ನಾನು ಬಸವರಾಜ, ಬೈಲಹೊಂಗಲದ ಕಡೆಯವನು. ಪುಣೆಗೆ ಬಂದ ಹೊಸತರಲ್ಲಿ ಬಿಬವೇವಾಡಿಯ ಬಣ್ಣದಂಗಡಿಯೊಂದರಲ್ಲಿ ಡಬ್ಬಿ ಹೊರುತ್ತಿದ್ದೆ. ಈಗ ದೂರದಲ್ಲಿರುವ ಮಾಲಕರ ಪರವಾಗಿ ಮೂವತ್ತೊಂದು ಫ್ಲ್ಯಾಟು ನೋಡಿಕೊಳ್ಳುತ್ತೇನೆ. ಬಾಡಿಗೆದಾರರನ್ನು ತರುವುದು, ಹನ್ನೊಂದು ತಿಂಗಳ ಕರಾರು ಬರೆಸುವುದು, ಹೋಗುವಾಗ ಕೀಲಿ ಇಸಿದುಕೊಂಡು ಡಿಪಾಜಿಟ್ಟು ಮರಳಿಸುವುದು. ದಲಾಲಿ ಎಲ್ಲರಿಗೂ ಕಾಣುತ್ತದೆ. ಕಾಣದ ಗಳಿಕೆ ಇರುವುದು ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವಿನ ಎರಡು ದಿನದಲ್ಲಿ. ಆ ಎರಡು ದಿನ ನನಗೆ ಹಬ್ಬ – ಸುಳ್ಳೇಕೆ ಹೇಳಲಿ, ಇವತ್ತಿಗೂ ನೆನೆದರೆ ಮೈಯಲ್ಲಿ ಚುರುಕು ಏಳುತ್ತದೆ. ಮನೆ ತೊಳೆಯುವ ಕಂಪನಿಯವರು ಏಳು ಸಾವಿರ ಹೇಳುವ ಕೆಲಸವನ್ನು ನಾನು ಕರೆಸುವ ಕೆಲಸದಾಕೆ ಕಸ್ತೂರಿಬಾಯಿ ಎರಡು ಸಾವಿರಕ್ಕೆ ಮಾಡುತ್ತಾಳೆ. ಫಿನೈಲು ಕ್ಯಾನುಗಟ್ಟಲೆ ಕೊಂಡರೆ ಅರ್ಧ ಬೆಲೆ. ಬಾಡಿಗೆದಾರನ ಮುಂದೆ ಮಾತ್ರ ಕಂಪನಿಯ ದರ. ಅವನಾದರೂ ಏನು ಕೇಳಿಯಾನು? ಸಾಮಾನು ಇಳಿಸಲು ಸೊಸೈಟಿಯವರು ಲಿಫ್ಟು ಕೊಟ್ಟಿರುವುದು ಹನ್ನೆರಡರವರೆಗೆ, ಕೆಳಗೆ ಟೆಂಪೊದವನ ಹಾರ್ನು. ಲಿಫ್ಟಿನ ಎದುರು ಫ್ರಿಜ್ಜು ನಿಂತಿರುವಾಗ ಯಾರೂ ಚೌಕಾಸಿ ಮಾಡುವುದಿಲ್ಲ.

ವಾಕಡದ ಆ ಮನೆಯಲ್ಲಿದ್ದ ಸುಮಂಗಲಾ ಧಾರವಾಡದವರು. ಗಂಡ ತೀರಿಕೊಂಡಿದ್ದರು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನೌಕರಿ, ಹನ್ನೆರಡು ವರ್ಷದ ಒಬ್ಬ ಮಗಳು. ಲ್ಯಾಬಿನವರು ಊರಿನ ಇನ್ನೊಂದು ತುದಿಯ ಬಿಬವೇವಾಡಿ ಶಾಖೆಗೆ ಹಾಕಿದ್ದರಿಂದ ವಾಕಡದ ಮನೆ ಬಿಡಬೇಕಾಯಿತು. ಅಲ್ಲೊಂದು ಮನೆ ನೋಡಿದ್ದರು. ಇಲ್ಲಿಂದ ಬರುವ ನಲವತ್ತು ಸಾವಿರ ಡಿಪಾಜಿಟ್ಟನ್ನು ಹಾಗೆಯೇ ಅಲ್ಲಿ ಕಟ್ಟುವುದು – ಇದನ್ನು ಅವರೇ ನನಗೆ ಹೇಳಿದ್ದರು. ಅಂದರೆ, ನನಗೆ ಗೊತ್ತಿತ್ತು. ಇದನ್ನು ನಾನು ನಡುವೆ ಎಲ್ಲೋ ಹುದುಗಿಸಿಬಿಡಬಹುದಿತ್ತು, ಆದರೆ… ಗೊತ್ತಿತ್ತು.

ತಾಯಿ ಮಗಳು ಎರಡು ಭಾನುವಾರ ಕೂತು ಮನೆ ತೊಳೆದಿದ್ದರು. ಕಿಟಕಿಯ ಜಾಳಿಗೆ, ಅಡುಗೆಮನೆಯ ಹೊಗೆ ಚಿಮಣಿ, ಬಚ್ಚಲಿನ ಹಂಚುಗಳ ನಡುವಿನ ಗೆರೆ – ಮೊದಲ ಸಲ ಬಾಡಿಗೆಗೆ ಕೊಟ್ಟಾಗಲೂ ಆ ಮನೆ ಹಾಗಿರಲಿಲ್ಲ. ಸಾಮಾನು ಇಳಿಯುತ್ತಿರುವಾಗ ನಾನು ಹೋದೆ.

"ಬಸವರಾಜ ಅವರ, ನಾ ಇರೂವಾಗನ ಒಂದ್ಸಲ ನೋಡಿಬಿಡ್ರಿ," ಅಂದರು. "ಎಲ್ಲಾ ಸ್ವಚ್ಛ ಅದ. ಏನರ ಉಳಿದಿದ್ರ ಹೇಳ್ರಿ, ಈಗ ಒರಸ್ತೀನಿ."

ಅವರ ಎದುರು ನೋಡಿದರೆ ಮುರಿಯಲು ಏನೂ ಸಿಗುವುದಿಲ್ಲವೆಂದು ಬಾಗಿಲಲ್ಲೇ ತಿಳಿಯಿತು. ಆಗ ನನ್ನ ಬಾಯಿಂದ ಬಂದ ಮಾತನ್ನು ಇದ್ದಂತೆ ಬರೆಯುತ್ತೇನೆ.

"ಬ್ಯಾಡ್ರಿ ಅಕ್ಕಾರ. ಮನಿ ಬಿಟ್ಟು ಹೊಂಟವ್ರ ಬೆನ್ನ ಹಿಂದನ ಕಸಬರಗಿ ಹಿಡೀಬಾರದು, ಒಳ್ಳೇದಲ್ಲ. ನೀವು ಹೋಗಿ ಸುಖದಿಂದ ಮುಟ್ರಿ. ನಾಳೆ ನಾ ನೋಡಿ, ಕಸ ಹೊಡಿಸಿ, ಲೆಕ್ಕ ಕಳಸ್ತೀನಿ."

ಊರಿಗೆ ಹೊರಟವರ ಹಿಂದೆಯೇ ಕಸ ಗುಡಿಸಬಾರದು – ನಮ್ಮಲ್ಲಿ ಹಾಗೆ ಗುಡಿಸುವುದು ಹೆಣ ಹೊರಟ ಮನೆಯಲ್ಲಿ. ನನ್ನ ಅವ್ವ ಇದನ್ನು ಪ್ರೀತಿಯಿಂದ ಪಾಲಿಸುತ್ತಿದ್ದಳು. ನಾನು ಅದನ್ನು ದಂಧೆಗೆ ಹಚ್ಚಿದೆ. ಸುಮಂಗಲಾ ಅವರ ಕಣ್ಣು ತುಂಬಿದವು. "ಈ ಊರಾಗ ಇಷ್ಟ್ಯಾರು ನೋಡ್ತಾರ್ರಿ," ಅಂದು ಕೀಲಿ ಕೊಟ್ಟು, ಬಾಗಿಲಿಗೆ ಕೈ ಮುಟ್ಟಿ ನಮಸ್ಕಾರ ಮಾಡಿ ಮಗಳೊಂದಿಗೆ ಇಳಿದು ಹೋದರು. ಎರಡು ರಾತ್ರಿ ಲ್ಯಾಬಿನ ಗೆಳತಿಯ ಮನೆಯಲ್ಲಿದ್ದು, ಹಣ ಬಂದ ಮೇಲೆ ಹೊಸ ಮನೆಗೆ ಹೋಗುವವರಿದ್ದರು.

ಮರುದಿನ ಕಸ್ತೂರಿಬಾಯಿ ಬಂದಳು. ಅಕ್ಕಲಕೋಟೆಯ ಕಡೆಯವಳು, ಕನ್ನಡ ಮರಾಠಿ ಎರಡೂ ಅವಳದೇ. ಸೆರಗು ಸಿಕ್ಕಿಸಿ ಮನೆಯೆಲ್ಲ ಸುತ್ತಿ ಬಂದು ಹೊಸ್ತಿಲಲ್ಲಿ ನಿಂತಳು.

"ಇಲ್ಲಿ ತೊಳ್ಯಾಕ ಏನದ ಸಾವ್ಕಾರ? ನೀರಿಗೇ ನಾಚಿಕಿ ಬರ್ತದ."

"ಸುಮ್ನ ನೆಲಕ್ಕ ಒಂದ ಒದ್ದಿ ಪೋಚಾ ಹೊಡಿ."

"ಎಂಟನೂರು."

"ಅರ್ಧ ತಾಸಿಗೆ ಎಂಟನೂರಾ? ನೀ ಡಾಕ್ಟರ್ ಏನ?"

"ಡಾಕ್ಟರ್ ಇದ್ರ ಮೊದಲ ನಿನಗ ಸೂಜಿ ಚುಚ್ಚತಿದ್ದೆ."

ಆರುನೂರಕ್ಕೆ ಒಪ್ಪಿಸಿದೆ. ನಕ್ಕೆವು. ನಂತರ ಮಾಲಕರ ಸೋಫಾದಲ್ಲಿ ಕೂತು ನನ್ನ ಫೋನಿನಲ್ಲಿ ಹುಡುಕಿದೆ. ಕೊಂಢವಾ ಬಡಾವಣೆಯ ಬೇರೊಂದು ಮನೆಯ ಫೋಟೊ ಇತ್ತು – ಫ್ರಿಜ್ಜಿನ ಹಿಂದಿನ ಗೋಡೆ, ವರ್ಷಗಳ ಎಣ್ಣೆ, ಜಿರಲೆಯ ಕಲೆ. ತಮ್ಮ ಫ್ರಿಜ್ಜಿನ ಹಿಂದೆ ಏನಿದೆಯೆಂದು ಯಾರೂ ನೋಡಿ ಹೋಗುವುದಿಲ್ಲ. ಅದು ಕೊನೆಗೆ ಹೊರಡುವ ಸಾಮಾನು, ಅಷ್ಟರಲ್ಲಿ ಮನೆಯವರು ಕೆಳಗೆ ಟೆಂಪೊದ ಹತ್ತಿರ ಇರುತ್ತಾರೆ. ಅದನ್ನೇ ಅವರ ಗೋಡೆಯೆಂದು ಸುಮಂಗಲಾ ಅವರಿಗೆ ಕಳಿಸಿ ಕೆಳಗೆ ಬರೆದೆ: ಗೋಡೆ ಕೆರೆದು ಬಣ್ಣ, ಜಿರಲೆ ಔಷಧಿ, ಪೂರ್ತಿ ಸ್ವಚ್ಛತೆ. ಒಟ್ಟು ಹನ್ನೊಂದು ಸಾವಿರದ ಐದುನೂರು.

ಸಿಟ್ಟಿನ ಕರೆ ಬರುವುದೆಂದು ಕಾದೆ. ಬಂದದ್ದು ಸಣ್ಣ ದನಿ. "ಅಯ್ಯ, ಅಲ್ಲಿ ನಾ ನೋಡಿದ್ದಿಲ್ರಿ. ಭಾಳ ನಾಚಿಕಿ ಬಂತು. ಯಾರಿಗೂ ತೋರಸಬ್ಯಾಡ್ರಿ ಅದನ್ನ."

ಅವರು ನನ್ನ ಕ್ಷಮೆ ಕೇಳಿದರು. ನಾನು ಕ್ಷಮಿಸಿದೆ – ಇರಲಿ ಬಿಡ್ರಿ, ಆಗ್ತದ, ಅಂದೆ.

ಬಿಬವೇವಾಡಿಯ ಮನೆಗೆ ಹಣ ಸಾಲಲಿಲ್ಲ. ಅಲ್ಲಿಯ ಮಾಲಕ ಒಂದು ದಿನವೂ ಕಾಯಲಿಲ್ಲ. ಹೆಂಗಸರ ವಸತಿಗೃಹವೊಂದರಲ್ಲಿ ಹಾಸಿಗೆ ಸಿಕ್ಕಿತು, ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಮಗಳನ್ನು ಹುಬ್ಬಳ್ಳಿಯ ಅಣ್ಣನ ಮನೆಗೆ ಕಳಿಸಿದರು. ಮತ್ತೆ ಡಿಪಾಜಿಟ್ಟು ಕೂಡಿಸಿ ಮಗಳನ್ನು ಕರೆತರಲು ಪೂರಾ ಒಂದು ಶಾಲೆಯ ವರ್ಷ ಹಿಡಿಯಿತು.

ಇದು ನನಗೆ ತಿಳಿದದ್ದು ಹೋದ ತಿಂಗಳು, ಬಿಬವೇವಾಡಿಯಲ್ಲಿ, ರೊಟ್ಟಿ ಮಾರುವವರ ಮುಂದಿನ ಸಾಲಿನಲ್ಲಿ. ಸುಮಂಗಲಾ ಅವರೇ ಗುರುತು ಹಿಡಿದರು, ಅವರೇ ಹೇಳಿದರು – ದೂರುವಂತೆ ಅಲ್ಲ, ಕಷ್ಟ ಕಳೆದವರು ಹೇಳುವಂತೆ ಹಗುರಾಗಿ. ಆಮೇಲೆ, "ನೀವು ನಮ್ಮವ್ರಂತ ಕಡಿಮಿನ ಮುರಕೊಂಡ್ರಿ. ನಮ್ಮ ಲ್ಯಾಬಿನ್ಯಾಗ ಮನಿ ಬೇಕಂದವ್ರಿಗೆಲ್ಲಾ ನಿಮ್ಮ ಹೆಸರ ಹೇಳತೀನಿ" ಅಂದರು. ಹೌದು, ಇಬ್ಬರು ಬಂದಿದ್ದರು. ಇಬ್ಬರಿಂದಲೂ ದಲಾಲಿ ತಗೊಂಡಿದ್ದೆ.

ಅಂದಿನಿಂದ ನನ್ನೊಳಗೆ ವ್ಯಾಪಾರ ಶುರುವಾಯಿತು. ಅರ್ಧ ಕೊಟ್ಟರೆ? ಹಬ್ಬದ ಉಡುಗೊರೆಯೆಂದು ಕೊಟ್ಟರೆ? ಹಳೆಯ ಲೆಕ್ಕದಲ್ಲಿ ತಪ್ಪು ಸಿಕ್ಕಿತು ಎಂದರೆ? ಮೂರು ವಾರ ನನ್ನೊಂದಿಗೇ ಚೌಕಾಸಿ ಮಾಡಿ, ಭಾನುವಾರ ಪೂರ್ತಿ ಹಣ, ಅದರ ಮೇಲೆ ಬಡ್ಡಿ ಹಿಡಿದು ಅವರ ಮನೆಗೆ ಹೋದೆ. ಕೂಡ್ರಿ ಅಂದರೂ ಕೂರದೆ ಎಲ್ಲ ಹೇಳಿದೆ.

ಅವರು ಹಣದ ಕಡೆ ನೋಡಲಿಲ್ಲ. "ಆ ಎಣ್ಣಿ ಗ್ವಾಡಿ ನಂದಲ್ಲೇನ್ರಿ?"

"ಅಲ್ರಿ."

"ಏಳು ವರ್ಷಾತು. ಪ್ರತಿ ಶನಿವಾರ ಫ್ರಿಜ್ಜ ಸರಿಸಿ ಹಿಂದ ಒರಸ್ತೀನಿ." ಹಣ ತೆಗೆದುಕೊಂಡರು. "ಇದು ನಂದ, ತಗೋತೀನಿ. ಮಗಳು ನನ್ನ ಹತ್ರ ಇಲ್ಲದ ಆ ವರ್ಷಕ್ಕ ಎಷ್ಟು ಹಿಡೀತೀರಿ, ಹೇಳ್ರಿ?"

ಎಲ್ಲಕ್ಕೂ ದರ ಹೇಳಿ ಬದುಕಿದವನು ನಾನು. ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ. ಅವರು ಬಾಗಿಲವರೆಗೆ ಬಂದು ಕಳಿಸಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಈ ಸೋಮವಾರದಿಂದ ನನ್ನ ಮೂವತ್ತೊಂದು ಫ್ಲ್ಯಾಟುಗಳಲ್ಲಿ ತೊಳೆಯುವ ದರ ಹೇಳುವವಳು ಕಸ್ತೂರಿಬಾಯಿ, ಹಣ ನೇರ ಅವಳ ಕೈಗೆ. ಇದೇ ರೀತಿ ಉಳಿದವರಿಂದ ಮುರಿದದ್ದೂ ಇದೆ. ಹಳೆಯ ಫೋನಿನಿಂದ ಒಬ್ಬೊಬ್ಬರ ನಂಬರು ಹುಡುಕುತ್ತಿದ್ದೇನೆ. ಹೇಗಾದರೂ ಸಿಗುತ್ತಾರೆ, ಹುಡುಕುವುದರಲ್ಲಿ ನಾನು ಗಟ್ಟಿಗ.

ನಿಮಗೆ ಹೇಳುವುದಿಷ್ಟು. ಮನೆ ಬಿಡುವ ದಿನ, ಸಾಮಾನು ಪೂರ್ತಿ ಇಳಿದ ಮೇಲೆ, ಖಾಲಿ ಕೋಣೆಗಳನ್ನು ವಿಡಿಯೊ ಮಾಡಿ. ಫ್ರಿಜ್ಜು, ಕಪಾಟು ಇದ್ದ ಜಾಗ ಮರೆಯಬೇಡಿ. ಟೆಂಪೊದವನಿಗೆ ಒಂದು ತಾಸಿನ ಹಣ ಹೆಚ್ಚಿಗೆ ಕೊಟ್ಟಾದರೂ ನಿಲ್ಲಿಸಿ, ಏಜಂಟನನ್ನು ಕರೆದು ಪ್ರತಿ ಗೋಡೆ ತೋರಿಸಿ. ಶಕುನ, ಶಾಸ್ತ್ರ, ಊರು, ಭಾಷೆ – ಅವನು ಏನು ಹೇಳಿದರೂ ಕೇಳಿಸಿಕೊಳ್ಳಿ, ಕೀಲಿ ಮಾತ್ರ ಹಣ ಬಂದ ಮೇಲೆ ಕೊಡಿ. ಮುರಿಯುತ್ತೇನೆಂದರೆ ಬಿಲ್ಲು ಕೇಳಿ, ತೊಳೆದವರ ಹೆಸರು ಕೇಳಿ, ಅವರಿಗೇ ಫೋನು ಹಚ್ಚಿ. ಸಂಕೋಚ ಬೇಡ. ಅಂದು ಸುಮಂಗಲಾ ಹೆಚ್ಚಾಯಿತೆಂದು ಒಂದು ಮಾತು ಆಡಿದರೆ ಬಿಟ್ಟುಕೊಡೋಣವೆಂದು ಐದು ಸಾವಿರ ನಾನು ಮೊದಲೇ ಏರಿಸಿ ಬರೆದಿದ್ದೆ. ನಂಬಿದ್ದರಿಂದ ಅವರು ಕೇಳಲಿಲ್ಲ. ಆ ಐದು ಸಾವಿರವನ್ನೂ ನಾನೇ ಇಟ್ಟುಕೊಂಡೆ.