ರಿಪೇರಿಯಲ್ಲಿ ಕಳೆದುಹೋದವರು

ಉರ್ವ ಮಾರ್ಕೆಟಿನ ಹತ್ತಿರದ ಒಂದು ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ನಾನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನೋಡಿಕೊಳ್ಳುತ್ತಿದ್ದೇನೆ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ರೋಗಿಗಳು ಮೊಬೈಲಿನಿಂದಲೇ ಟೋಕನ್ ತೆಗೆದುಕೊಳ್ಳುವ ವೆಬ್‌ಸೈಟು, ಪ್ರತಿಯೊಬ್ಬರ ಕಾಯಿಲೆ, ಮಾತ್ರೆ, ಮೈಗೆ ಆಗದ ಔಷಧಿ ಎಲ್ಲ ಬರೆದಿಡುವ ಡೇಟಾಬೇಸು, ಎರಡನ್ನೂ ಮಾಡಿಕೊಟ್ಟವನು ನಾನು. ಎರಡೂ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿದ್ದ ಒಂದೇ ಸರ್ವರಿನಲ್ಲಿ ಓಡುತ್ತಿದ್ದವು. ಅದಕ್ಕೆ ಮೊದಲು ಅಲ್ಲಿ ರಟ್ಟಿನ ಕಾರ್ಡುಗಳಿದ್ದವು. ಆಗದ ಔಷಧಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಇನ್ನು ಇವು ಬೇಡ ಎಂದು ಕಾರ್ಡುಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದವನೂ ನಾನೇ.

ಒಂದು ಏಪ್ರಿಲಿನ ಕೊನೆಗೆ ತೊಂದರೆ ಶುರುವಾಯಿತು. ರೋಗಿಗಳ ಟೇಬಲ್, ಅಂದರೆ ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲಿನಂತೆ ಬರೆದಿಟ್ಟ ಪಟ್ಟಿ, ಆಗಾಗ ಕೆಟ್ಟುಹೋಗತೊಡಗಿತು. ಕೌಂಟರಿನಲ್ಲಿ ಕೂರುತ್ತಿದ್ದ ಅಕ್ಕ ಫೋನ್ ಮಾಡುತ್ತಿದ್ದರು. ಬೋಳಾರದವರು, ಐವತ್ತು ದಾಟಿದವರು, ಕಂಪ್ಯೂಟರನ್ನು ಅಲ್ಲೇ ಕಲಿತವರು.

"ಪುನಃ ಅದೇ ಮಾರಾಯ್ರೆ. ಹೆಸರು ಹಾಕಿದ್ರೆ ಎಂತದೂ ಬರುದಿಲ್ಲ."

ನಾನು ಕೂಳೂರಿನ ಮನೆಯಲ್ಲಿ ಕೂತೇ ಸರ್ವರಿಗೆ ಹೊಕ್ಕು ರಿಪೇರಿಯ ಆಜ್ಞೆ ಟೈಪು ಮಾಡುತ್ತಿದ್ದೆ. ಒಂದು ನಿಮಿಷದ ಕೆಲಸ.

"ಈಗ ನೋಡಿ ಅಕ್ಕ."

"ಬಂತು ಬಂತು! ನೀವು ದೊಡ್ಡ ಮಂತ್ರವಾದಿ."

ಆ ಮಾತು ನನಗೆ ಹಿತವಾಗುತ್ತಿತ್ತು. ರಿಪೇರಿ ಮುಗಿದಾಗ ಪರದೆಯ ಮೇಲೆ ಎರಡು ಸಂದೇಶ ಬರುತ್ತಿದ್ದವು. ಟೇಬಲಿನಲ್ಲಿ ಮೊದಲು ಎಷ್ಟು ಸಾಲುಗಳಿದ್ದವು, ಈಗ ಎಷ್ಟು ಉಳಿದಿವೆ ಎಂಬುದು ಮೊದಲನೆಯದು. ಅದರ ಕೆಳಗೆ 'ಓಕೆ'. ನಾನು ಓದುತ್ತಿದ್ದದ್ದು ಓಕೆ ಮಾತ್ರ. ಒಮ್ಮೆ ಮಾತ್ರ ಮೇಲಿನದ್ದೂ ಕಣ್ಣಿಗೆ ಬಿದ್ದಿತ್ತು: ಮೂರು ಸಾಲು ಕಡಿಮೆ. ಸಾವಿರಗಟ್ಟಲೆಯಲ್ಲಿ ಮೂರು ಎಂದುಕೊಂಡು ಪರದೆಯ ಮೇಲಿನ ಆ ಕಿಟಕಿ ಮುಚ್ಚಿದೆ. ಆ ಮೂರು ಸಾಲು ಮೂರು ಮನುಷ್ಯರು ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ಸತ್ಯವಲ್ಲ, ಹೊಳೆಯಲು ಬಿಡಲಿಲ್ಲ. ಬ್ಯಾಕಪ್ ತೆಗೆಯುತ್ತಿದ್ದೆ ನಿಜ, ಆದರೆ ಪ್ರತಿ ಭಾನುವಾರ ಹಳೆಯ ಪ್ರತಿಯ ಮೇಲೇ ಹೊಸದನ್ನು ಬರೆಯುತ್ತಿದ್ದೆ. ಟೇಬಲಿನಿಂದ ಹೋದವರು ಭಾನುವಾರ ಅಲ್ಲಿಂದಲೂ ಹೋಗುತ್ತಿದ್ದರು.

ಮೇ ತಿಂಗಳಲ್ಲಿ ವಾರಕ್ಕೊಮ್ಮೆ, ಎರಡು ಸಲ ಆಗತೊಡಗಿತು. ಕ್ಲಿನಿಕ್ಕು ಡಾಕ್ಟರರ ಸ್ವಂತದ್ದು. ಅವರು ತಮಾಷೆ ಮಾಡಿದರು: "ನಮ್ಮ ರೋಗಿಗಳಿಗಾದ್ರೆ ಮೂರು ದಿವಸದಲ್ಲಿ ಗುಣ ಆಗ್ತದೆ. ನಿನ್ನ ಟೇಬಲಿಗೆ ಎಂತ ಮಾರಾಯ, ಮಲೇರಿಯಾವಾ? ಬಿಟ್ಟು ಬಿಟ್ಟು ಬರ್ತದಲ್ಲ!"

ನಾನು ಡಿಸ್ಕ್ ಪರೀಕ್ಷಿಸಿದೆ, ಬದಲಾಯಿಸಿದೆ. ಮೆಮೊರಿ ಪರೀಕ್ಷಿಸಿದೆ. ನಾನೇ ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಸರ್ವರಿನ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿ, ಓದಿದಾಗ ಪ್ರತಿ ಸಲವೂ ಯಂತ್ರ ಸಂಜೆ ನಾಲ್ಕರಿಂದ ಆರರ ನಡುವೆ ಇದ್ದಕ್ಕಿದ್ದಂತೆ ನಿಂತುಹೋಗಿದ್ದು ಕಾಣಿಸಿತು. ಆದರೆ ಸರ್ವರಿಗೆ ಬ್ಯಾಟರಿಯ ಯುಪಿಎಸ್ ಇತ್ತು, ಕರೆಂಟು ಹೋದರೂ ನಿಲ್ಲಬಾರದು. ಒಂದು ದಿನ ಸಂಜೆ ಅಲ್ಲೇ ಹೋಗಿ ಕೂತೆ.

ಐದು ಗಂಟೆಗೆ ಗುಡುಗಿತು. ಅಕ್ಕ ಕೌಂಟರಿನಿಂದ ಎದ್ದು ಬಂದು ಟಿವಿಯ ಪ್ಲಗ್, ಮೋಡೆಮಿನ ಪ್ಲಗ್, ಯುಪಿಎಸ್ಸಿನ ಪ್ಲಗ್ ಒಂದೊಂದಾಗಿ ಕಿತ್ತರು. ಯುಪಿಎಸ್ ಕೂಗತೊಡಗಿತು. ಅವರು ಬಗ್ಗಿ ಅದರ ಬಟನ್ ಒತ್ತಿ ಹಿಡಿದರು. ಕೂಗು ನಿಂತಿತು. ಸರ್ವರ್ ಕೂಡ ನಿಂತಿತು.

ನನಗೆ ಎಲ್ಲ ನೆನಪಾಯಿತು. ಹಿಂದಿನ ವರ್ಷ ಸಿಡಿಲಿಗೆ ಅಲ್ಲಿ ಮೋಡೆಮ್ ಸುಟ್ಟಿತ್ತು. ನಮ್ಮೂರಿನಲ್ಲಿ ಗುಡುಗು ಕೇಳಿದರೆ ಪ್ಲಗ್ ಕೀಳದ ಮನೆಯಿಲ್ಲ. ಆ ಏಪ್ರಿಲಿನ ಮೊದಲ ಗುಡುಗಿಗೆ ಅಕ್ಕ ಫೋನ್ ಮಾಡಿ ಏನು ಮಾಡಲಿ ಎಂದು ಕೇಳಿದಾಗ ನಾನು ಕೂಳೂರು ಸೇತುವೆಯ ಟ್ರಾಫಿಕ್ಕಿನಲ್ಲಿ ಸ್ಕೂಟರಿನ ಮೇಲಿದ್ದೆ. "ಗುಡುಗಿದ್ರೆ ಎಲ್ಲಾ ಪ್ಲಗ್ಗೂ ತೆಗೀರಿ ಅಕ್ಕ, ಒಂದೂ ಬಿಡ್ಬೇಡಿ. ಬ್ಯಾಟರಿ ಪೆಟ್ಟಿಗೆ ಕೂಗಿದ್ರೆ ಬಟನ್ ಒತ್ತಿ ಹಿಡೀರಿ, ನಿಲ್ತದೆ," ಎಂದಿದ್ದೆ. ಲಾರಿಗಳ ಹಾರನ್ನಿನ ನಡುವೆ ಸರ್ವರಿನ ವಿಷಯ ನನಗೇ ಮರೆತಿತ್ತು. ಅವರು ನನ್ನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದ್ದರು. ನಾನು ಬಳಸಿದ್ದು ಹಳೆಯ ಬಗೆಯ ಟೇಬಲು. ಬರೆಯುತ್ತಿರುವಾಗ ಯಂತ್ರ ನಿಂತರೆ ಅದು ಕೆಡುತ್ತದೆ.

ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. "ನೀವಾ ಇದನ್ನು ಬಂದ್ ಮಾಡುದು? ಇಷ್ಟು ದಿವಸ ನಾವು ಇವನನ್ನು ಬೈದದ್ದಲ್ವಾ?"

ಅಕ್ಕ ನನ್ನ ಮುಖ ನೋಡಿದರು.

ನಾನು ಹೇಳಿದ್ದು ಇಷ್ಟು: "ಗೊತ್ತಿಲ್ಲದೆ ಮಾಡಿರ್ಬೇಕು, ಬಿಡಿ ಡಾಕ್ಟ್ರೆ."

ಕ್ಷಮಿಸಿದವನ ಧ್ವನಿಯಲ್ಲಿ ಹೇಳಿದೆ. ನನ್ನ ಜೀವನದಲ್ಲಿ ಅದಕ್ಕಿಂತ ನಾಚಿಕೆಗೇಡಿನ ವಾಕ್ಯ ಇನ್ನೊಂದಿಲ್ಲ. ಮರುದಿನದಿಂದ ಅಕ್ಕನನ್ನು ಒಳಗೆ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸಿಂಗ್ ಕೋಣೆಗೆ, ಹತ್ತಿ ಬಟ್ಟೆ ಮಡಚುವ ಕೆಲಸಕ್ಕೆ ಹಾಕಿದರು. ಕೌಂಟರಿಗೆ ಹೊಸಬಳೊಬ್ಬಳು ಬಂದಳು. ನಾನು ಟೇಬಲಿನ ಬಗೆ ಬದಲಾಯಿಸಿ, ಯುಪಿಎಸ್ಸಿನ ಬಟನ್ನಿಗೆ ಟೇಪು ಸುತ್ತಿದೆ. ಆಮೇಲೆ ಟೇಬಲ್ ಕೆಡಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡೆ.

ಎರಡು ವಾರದ ನಂತರ ಪ್ರಿಂಟರ್ ಸರಿಮಾಡಲು ಹೋಗಿದ್ದೆ. ಅರವತ್ತರ ಒಬ್ಬ ಹೆಂಗಸು ಕಾಲು ಬಾತು, ಜ್ವರದಲ್ಲಿ ಬಂದಿದ್ದರು. ಕೌಂಟರಿನವಳು ಹೆಸರು ಹಾಕಿದಳು, ಬರಲಿಲ್ಲ. ಹೊಸ ರೋಗಿ ಎಂದು ಬರೆದುಕೊಂಡಳು. ಡಾಕ್ಟರು ಕಾಲು ನೋಡಿ, ಇಂಜೆಕ್ಷನ್ ಬರೆಯುವ ಮೊದಲು ಕೇಳಿದರು: "ಯಾವುದಾದ್ರೂ ಮದ್ದು ಆಗುದಿಲ್ಲ ಅಂತ ಉಂಟಾ?"

"ಎಂಕ್ ಗೊತ್ತುಜ್ಜಿ, ಗೊತ್ತಿಲ್ಲ ಡಾಕ್ಟ್ರೆ. ಹೆಸರೆಲ್ಲ ನನಗೆ ಎಲ್ಲಿ ನೆನಪಿರ್ತದೆ? ನಿಮ್ಮ ಕಂಪ್ಯೂಟರಲ್ಲಿ ಹಾಕಿದ್ದಾರಲ್ಲ."

ಡಾಕ್ಟರು ಪರದೆ ನೋಡಿದರು. ಆ ಜಾಗ ಖಾಲಿ ಇತ್ತು. ಖಾಲಿ ಎಂದರೆ ಏನೂ ಇಲ್ಲ ಎಂದು ಅರ್ಥ, ಹಾಗೆಂದು ಅವರಿಗೆ ಕಲಿಸಿದವನು ನಾನು.

ಪ್ರಿಂಟರಿನ ಹಿಂದೆ ಬಗ್ಗಿದ್ದ ನನಗೆ ಡಾಕ್ಟರರ ಕೋಣೆಯ ಬಾಗಿಲಿನ ಬಟ್ಟೆಯ ಪರದೆಯ ಸಂದಿನಿಂದ ಎಲ್ಲ ಕಾಣುತ್ತಿತ್ತು. ನರ್ಸ್ ಔಷಧಿ ಎಳೆದುಕೊಂಡು ಸಿರಿಂಜನ್ನು ಬೆಳಕಿಗೆ ಹಿಡಿದಳು. ಆ ಹೆಂಗಸು ಸೀರೆಯ ಸೆರಗು ಸರಿಸಿ ತೋಳು ಮುಂದೆ ಚಾಚಿದರು. ಅವರು ಹೇಳಿದ 'ಹಾಕಿದ್ದಾರಲ್ಲ' ನನ್ನ ಕಿವಿಗೆ ಬಿದ್ದಿತ್ತು. ಮೂರು ಸಾಲು ಕಡಿಮೆ ಎಂಬುದು ಆಗಲೇ ತಲೆಗೆ ಬಂದಿತ್ತು. ಆದರೂ ಬಾಯಿ ಬರಲಿಲ್ಲ. ಕೂಗಿದರೆ ಯಾಕೆಂದು ಕೇಳುತ್ತಾರಲ್ಲ ಎಂಬ ಹೆದರಿಕೆ, ಅಂಥ ಹೊತ್ತಿನಲ್ಲೂ.

ಹತ್ತಿಯ ಡಬ್ಬ ಹಿಡಿದು ಒಳಗೆ ಬಂದ ಅಕ್ಕ, ಟ್ರೇಯಲ್ಲಿದ್ದ ಔಷಧಿ ಸೀಸೆಯ ಹೆಸರು ನೋಡಿ ನಿಂತರು.

"ಇವರಿಗೆ ಅದು ಕೊಡ್ತೀರಾ? ಬೇಡ ಮಾರಾಯ್ತಿ, ನಿಲ್ಲು! ಇವರಿಗೆ ಅದರಿಂದ ಉಸಿರು ಕಟ್ಟಿ ಆಸ್ಪತ್ರೆಯಲ್ಲಿ ಎರಡು ದಿನ ಮಿಷನಿಗೆ ಹಾಕಿದ್ದು. ಮಗಳು ಚೀಟಿ ತಂದು ತೋರಿಸಿದ್ದು ನನಗೇ, ನಾನೇ ಟೈಪ್ ಮಾಡಿದ್ದು."

ಸೂಜಿ ತೋಳಿಗೆ ನಾಲ್ಕು ಬೆರಳಿನ ದೂರದಲ್ಲಿತ್ತು. ನರ್ಸ್ ಅದನ್ನು ಟ್ರೇಯಲ್ಲಿಟ್ಟಳು. ಆ ಹೆಂಗಸು, "ಹೌದೌದು, ಅದುವೇ ಇರ್ಬೇಕು," ಎಂದು ನಕ್ಕರು. ಅವರಿಗೆ ಏನು ತಪ್ಪಿತೆಂದು ತಿಳಿದಂತೆ ಕಾಣಲಿಲ್ಲ. ಬೇರೆ ಇಂಜೆಕ್ಷನ್ ಕೊಟ್ಟು ಕಳಿಸಿದರು.

ಅಂದು ಡಾಕ್ಟರರ ಎದುರು ಎಲ್ಲ ಹೇಳಿದೆ. ಬಟನ್ ಒತ್ತಲು ಹೇಳಿದ್ದು ನಾನು, ರಿಪೇರಿಯಲ್ಲಿ ಸಾಲುಗಳು ಹೋದದ್ದು ನೋಡಿಯೂ ಸುಮ್ಮನಿದ್ದವನು ನಾನು ಎಂದೆ. ಅವರು ಬೈಯಲಿಲ್ಲ. "ಎಷ್ಟು ಜನರದ್ದು ಹೋಗಿದೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಅಕ್ಕನ ಹತ್ತಿರ ಹೋಗಿ, ಬಟನ್ ಒತ್ತಲು ಹೇಳಿದ್ದು ನಾನೆಂದು ಅವತ್ತು ನೀವಾದರೂ ಡಾಕ್ಟರರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕ್ಷಮೆ ಕೇಳಲು ಹೋದವನು ಅದನ್ನು ಕೇಳಿದೆ, ನೋಡಿ.

"ಹೇಳಿದ್ರೆ ಯಾರು ನಂಬ್ತಿದ್ರು? ನೀವು ಕಲಿತವರು," ಎಂದು ಅವರು ಹತ್ತಿ ಹರಿಯುವುದನ್ನು ಮುಂದುವರಿಸಿದರು.

ಪ್ರತಿ ರೋಗಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಟೇಬಲಿನಲ್ಲಿ ಯಾವ ಸಂಖ್ಯೆಗಳಿಲ್ಲವೋ ಅವು ಹೋದವರದ್ದು. ನಲವತ್ತೊಂದು ಸಿಕ್ಕವು. ಡಾಕ್ಟರು ಅಕ್ಕನನ್ನು ಕೌಂಟರಿಗೆ ಮರಳಿ ಕೂರಿಸಿದರು. ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿರುವ ಹೊತ್ತಿನಲ್ಲಿ ನಾನು ಅಟ್ಟದಿಂದ ಕಾರ್ಡುಗಳನ್ನು ಇಳಿಸಿದೆ. ಅಕ್ಕ ಕಾರ್ಡು ನೋಡಿ, ನೆನಪಿನಿಂದ, ಹಳೆಯ ಲ್ಯಾಬ್ ಚೀಟಿಗಳಿಂದ ಒಬ್ಬೊಬ್ಬರನ್ನಾಗಿ ಗುರುತಿಸಿ ಹೇಳಿದರು. ನಾನು ಬರೆದೆ, ಮನೆಗಳಿಗೆ ಫೋನ್ ಮಾಡಿದೆ. ಮೂವತ್ತೆರಡು ಜನ ಸಿಕ್ಕರು.

ಒಂಬತ್ತು ಜನ ಯಾರೆಂದು ಈವರೆಗೂ ಗೊತ್ತಾಗಿಲ್ಲ. ಆ ಸಂಖ್ಯೆಗಳ ಪಟ್ಟಿಯನ್ನು ಅಕ್ಕ ಕೌಂಟರಿನ ಗಾಜಿನಡಿ ಇಟ್ಟಿದ್ದಾರೆ. ಹೊಸಬರೆಂದು ಯಾರು ಬಂದರೂ ಪೆನ್ನು ಕೆಳಗಿಟ್ಟು, "ನೀವು ಮೊದಲು ಇಲ್ಲಿಗೆ ಬಂದದ್ದುಂಟಾ? ಸರಿ ನೆನಪು ಮಾಡಿ ಹೇಳಿ," ಎಂದು ಎರಡೆರಡು ಸಲ ಕೇಳುತ್ತಾರೆ. ನಾನು ಅಲ್ಲಿದ್ದರೆ ಕೆಲಸ ನಿಲ್ಲಿಸಿ ಬಂದವರ ಉತ್ತರಕ್ಕೆ ಕಾಯುತ್ತೇನೆ.