ನೆಟ್ಟಗೆ ಕೂರುವ ವಿಚಾರ

ಬಾಗಿಲಲ್ಲಿ ನಿಂತು ಒಂದು ಸಲ ನೋಡಿದರೆ ಸಾಕು, ಲಿಂಗೈಕ್ಯರಾದವರ ಮೈಯಲ್ಲಿ ಒಂದು ಹಲ್ಲು ಕಡಿಮೆಯಿದ್ದರೂ ಹೇಳಿಬಿಡುತ್ತೇನೆ ಎಂದು ಕೊಟ್ರಪ್ಪ ಹೇಳಿಕೊಳ್ಳುತ್ತಿದ್ದರು. ಜೆ.ಪಿ. ನಗರದಿಂದ ಹುಳಿಮಾವಿನವರೆಗೆ ಅದನ್ನು ಅಲ್ಲಗಳೆದವರಿಲ್ಲ. ಅಲ್ಲಗಳೆಯಬೇಕಾದವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅವರದು ಸಾರಕ್ಕಿ ಮಾರ್ಕೆಟ್ ಪಕ್ಕ ಹಾಸಿಗೆ, ದಿಂಬಿನ ಅಂಗಡಿ. ಜನರನ್ನು ಮಲಗಿಸುವುದು ಹೊಟ್ಟೆಪಾಡು, ಕೂರಿಸುವುದು ಸೇವೆ. ಅವರ ಲಿಂಗಾಯತ ಬಳಗದಲ್ಲಿ ಯಾರೇ ತೀರಿಕೊಂಡರೂ ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸಿ ಮಣ್ಣು ಮಾಡುತ್ತಾರೆ. ಈ ಕೂರಿಸುವ ಕೆಲಸ ಎಲ್ಲರಿಗೂ ಒಲಿಯುವುದಿಲ್ಲ. ಬೇರೆಯವರು ಕೂರಿಸಿದರೆ, ಮೆರವಣಿಗೆ ಮೊದಲ ಹಂಪ್ ದಾಟುವಷ್ಟರಲ್ಲಿ ಹೋದವರು ಬಿಎಂಟಿಸಿ ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಕಾಣುತ್ತಾರೆ. ಕೊಟ್ರಪ್ಪ ಕೂರಿಸಿದವರು ಮಾತ್ರ ಬನ್ನೇರುಘಟ್ಟ ರಸ್ತೆಯ ಗುಂಡಿಗಳನ್ನೆಲ್ಲ ದಾಟಿಯೂ ಕದಲುತ್ತಿರಲಿಲ್ಲ. ಹೊತ್ತವರು ಸುಸ್ತಾಗಿ ಕುಸಿದು, ಕೂತವರು ನೆಟ್ಟಗಿದ್ದ ಪ್ರಸಂಗಗಳೂ ಉಂಟು.

ಹೀಗಿರುವಾಗ ಮೊಮ್ಮಗಳು ಸ್ಪಂದನಾ ಒಂದು ಬೆಳಿಗ್ಗೆ ದೋಸೆ ತಿನ್ನುತ್ತ, ತಾನು ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸಿದ್ದಾಗಿ ಹೇಳಿ, "ತಾತ, ನಿಮ್ದೂ ಮಾಡ್ಬಿಡ್ಲಾ? ಫೋನಲ್ಲೇ ಆಗೋಗತ್ತೆ," ಎಂದಳು.

ಕೊಟ್ರಪ್ಪನವರ ಬಾಯಿಗೆ ಹೊರಟಿದ್ದ ತುತ್ತು ದಾರಿಯಲ್ಲೇ ನಿಂತಿತು.

"ಆಮೇಲೆ ನಾನು ಕೂರೋದು ಹೆಂಗೆ?"

"ಕೂರೋದಾ?"

"ಒಳಗಿನ ಹತ್ತಿ ಕಿತ್ರೆ ದಿಂಬು ನಿಲ್ಲುತ್ತೇನಮ್ಮ? ಕಿಡ್ನಿ ಎರಡೂ ಸೊಂಟಕ್ಕೆ ಆಧಾರ. ಲಿವರ್ರು ಬಲಗಡೆಗೆ ಆನಿಕೆ. ಅದನ್ನ ತೆಗೆದ್ರೆ ನಾನು ಬಲಕ್ಕೆ ವಾಲ್ತೀನಿ. ಊರೋರನ್ನೆಲ್ಲ ಕೂರಿಸಿದೋನು ತಾನೇ ವಾಲ್ಕೊಂಡು ಹೋದ ಅಂತ ಜನ ನಗಲ್ವಾ?"

"ತಾತ, ಬೆನ್ನುಮೂಳೆ ಇರತ್ತಲ್ಲ."

"ನೀನು ಇಲ್ಲೀತನಕ ಎಷ್ಟು ಜನನ್ನ ಕೂರಿಸಿದೀಯ?"

ಸ್ಪಂದನಾ ಫೋನ್ ಪಕ್ಕಕ್ಕಿಟ್ಟು ಇನ್ನೊಂದು ದೋಸೆ ಹಾಕಿಸಿಕೊಂಡಳು.

ಆಗುವುದಿಲ್ಲ ಎಂದುಬಿಟ್ಟರೂ ಕೊಟ್ರಪ್ಪನವರಿಗೆ ಸಮಾಧಾನವಾಗಲಿಲ್ಲ. ಇನ್ನೊಬ್ಬರನ್ನು ಬದುಕಿಸಬಹುದಾದದ್ದನ್ನು, ತಾನು ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣಬೇಕೆಂದು ಮಣ್ಣಿಗೆ ಹಾಕುವುದು ಸರಿಯೇ ಎಂಬ ಪ್ರಶ್ನೆ ಅಂಗಡಿಗೂ ಹಿಂಬಾಲಿಸಿತು. ಹತ್ತಿ ತುಂಬುತ್ತ ಯೋಚಿಸಿದರು. ಆ ವಾರ ಅಂಗಡಿಯಿಂದ ಹೋದ ದಿಂಬುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಬನಶಂಕರಿಯ ಅರ್ಧ ಜನ ಕುತ್ತಿಗೆಯನ್ನು ಒಂದೇ ಕಡೆಗೆ ತಿರುಗಿಸಿಕೊಂಡು ಓಡಾಡಿದರು.

ಅಷ್ಟರಲ್ಲಿ ಅವರ ಹಳೆಯ ಗೆಳೆಯ, ಅರೆಕೆರೆಯ ಸಂಜೀವಯ್ಯ, ಮೆದುಳಿನಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಗೆ ತಂದಿದ್ದೇವೆ ಎಂದು ಮಗ ಬಸವಪ್ರಸಾದ್ ಫೋನ್ ಮಾಡಿದ ಕೂಡಲೇ ಕೊಟ್ರಪ್ಪ ಆಟೋ ಹತ್ತಿದರು, ಸಾರಕ್ಕಿ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡರು. ಕೆಂಪು ದೀಪ ಬಿದ್ದಾಗ ಹೀರೆ ಬೀಜ ಹಾಕಿದರೆ ಹಸಿರು ಬೀಳುವಷ್ಟರಲ್ಲಿ ಕಾಯಿ ಕೊಯ್ಯಬಹುದಾದ ಜಾಗ ಅದು. ಅವರು ತಲುಪುವ ಹೊತ್ತಿಗೆ ಮನೆಯವರು ಸ್ನಾನ ಮಾಡಿಸಿ, ಜುಬ್ಬಾ ತೊಡಿಸಿ, ಶಾಲು ಹೊದಿಸಿ ಆಗಿತ್ತು. ಕೂರಿಸುವುದೊಂದು ಬಾಕಿ.

ಕೊಟ್ರಪ್ಪ ಗೆಳೆಯನ ಕಾಲು ಮಡಿಸಿದರು, ಬೆನ್ನಿಗೆ ಹಲಗೆ ಕೊಟ್ಟರು, ಹಣೆಗೆ ಬಟ್ಟೆ ಸುತ್ತಿ ಹಲಗೆಗೆ ಬಿಗಿದರು, ಅಂಗೈಯಲ್ಲಿ ಲಿಂಗ ಇಟ್ಟರು. ಬದುಕಿದ್ದಾಗ ಸೋಫಾದಿಂದ ಜಾರಿ ಜಾರಿ ಅರ್ಧ ನೆಲದಲ್ಲೇ ಇರುತ್ತಿದ್ದ ಸಂಜೀವಯ್ಯ ಕಂಬದ ಹಾಗೆ ಕೂತರು. ಅಂತಿಮ ದರ್ಶನಕ್ಕೆ ಬಂದಿದ್ದ ಒಬ್ಬ ಬಿಲ್ಡರ್, ಅವರನ್ನು ನೋಡಿ ಹಿಂದಿನ ಗೋಡೆಯೇ ಸೊಟ್ಟಗಿದೆ ಎಂದು ತೀರ್ಮಾನಿಸಿದ.

"ನೋಡಪ್ಪ ಪ್ರಸಾದೂ," ಎಂದರು ಕೊಟ್ರಪ್ಪ, ಎರಡು ಹೆಜ್ಜೆ ಹಿಂದೆ ಸರಿದು. "ಮೈ ಅಂದ್ರೆ ಇದು. ಒಳಗೆ ಎಲ್ಲಾ ಅದರದರ ಜಾಗದಲ್ಲಿದ್ರೆ ಮನುಷ್ಯ ಹಿಂಗೆ ಕೂರ್ತಾನೆ. ಈಗಿನ ಹುಡುಗ್ರು ಅದು ಕೊಡ್ತೀವಿ, ಇದು ಕೊಡ್ತೀವಿ ಅಂತಾರೆ."

ಬಸವಪ್ರಸಾದ್ ನೆಲ ನೋಡಿದ.

"ಅಂಕಲ್, ಅಪ್ಪ ಮೊದ್ಲೇ ಹೇಳಿಟ್ಟಿದ್ರು. ಕಿಡ್ನಿ, ಲಿವರ್ರು, ಕಣ್ಣು, ಹಾರ್ಟು, ಎಲ್ಲಾ ಕೊಟ್ವಿ."

"ಹಾರ್ಟೂನಾ?"

"ಹಾರ್ಟೂ."

ಕೊಟ್ರಪ್ಪ ಬಲಗಡೆಯಿಂದ ಬಗ್ಗಿ ನೋಡಿದರು, ಎಡಗಡೆಯಿಂದ ನೋಡಿದರು. ಕೂದಲೆಳೆಯಷ್ಟೂ ವಾಲಿರಲಿಲ್ಲ. ಮುಚ್ಚಿದ ರೆಪ್ಪೆಗಳು ಅಂಗೈಯ ಲಿಂಗದ ಕಡೆಗೇ ಇದ್ದವು. ಶಾಲಿನ ಅಂಚು ಸರಿಪಡಿಸುವ ನೆಪದಲ್ಲಿ ಗೆಳೆಯನ ಹತ್ತಿರ ಬಾಗಿ, "ಕಳ್ಳ, ನನಗೂ ಒಂದು ಮಾತು ಹೇಳಿಲ್ವಲ್ಲೋ," ಎಂದರು. ಹಣೆಯ ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದರು.

ಮಾರನೆಯ ಬೆಳಿಗ್ಗೆ ಸ್ಪಂದನಾಳನ್ನು ಕರೆದು, "ಆ ಫೋನ್ ತಗೊಂಬಾ," ಎಂದರು. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

"ತಾತ, ಇಷ್ಟೇ ಸಾಲಲ್ಲ. ಆ ಹೊತ್ತಿಗೆ ಮನೆಯೋರು ಒಪ್ಪಬೇಕು. ಅಜ್ಜಿ, ನೀವು ಒಪ್ತೀರಾ?"

ಕೊಟ್ರಪ್ಪನವರ ಹೆಂಡತಿ ಸಿದ್ದಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಎಲ್ಲಾ ತಗೊಂಡ್ಹೋಗ್ಲಿ. ಕಿವಿ ಮಾತ್ರ ಯಾರಿಗೂ ಬೇಡ ಅನ್ನು. ಮದುವೆ ಆದಾಗಿಂದ ನನ್ನ ಒಂದು ಮಾತೂ ಒಳಗೆ ಬಿಟ್ಟಿಲ್ಲ ಅವು. ಹಾಕಿಸ್ಕೊಂಡೋರ ಸಂಸಾರ ಕೆಡತ್ತೆ."

"ಕಿವಿ ಎರಡೂ ನನ್ ಜೊತೇಲೇ ಬರ್ತವೆ ಬಿಡೇ," ಎಂದರು ಕೊಟ್ರಪ್ಪ. "ಸಮಾಧಿ ಮುಂದೆ ಕೂತು ನೀನು ಬೈತಿದ್ರೆ ಕೇಳಿಸ್ಕೊಳೋಕೆ ಒಬ್ಬರಾದ್ರೂ ಬೇಕಲ್ಲ."