ಇಬ್ಬರ ಕೈಯ ಮಡಕೆ

“ನಮ್ಮಲ್ಲಿ ಹೆಂಗಸ್ರು ತಿಗರಿ ಮುಟ್ಟಂಗಿಲ್ಲ ಕಣೇ. ನಿಮ್ಮಪ್ಪ ತಿಗರಿ ತಿರುಗ್ಸಿ, ತಳ ಇಲ್ಲದ ಮಡಕೆ ಎತ್ತಿ ಕೊಡೋರು. ಒಂಚೂರು ಆರಿದ್ಮೇಲೆ ನಾನು ಒಳಗೆ ಕಲ್ಲು ಹಿಡ್ದು, ಹೊರಗೆ ಹಲಗೇಲಿ ತಟ್ಟಿ ತಳ ಕೂಡಿಸ್ತಿದ್ದೆ. ಒಬ್ರ ಕೈಲೇ ಮಡಕೆ ಆಗಿದ್ದೇ ಇಲ್ಲ.”

ಮಲವಗೊಪ್ಪದ ಕುಂಬಾರರ ಯಲ್ಲಮ್ಮ ಮಗಳು ರಂಜಿನಿಗೆ ಇದನ್ನು ಎಷ್ಟು ಸಲ ಹೇಳಿದ್ದಳೋ. ಗಂಡ ರಾಮಯ್ಯ ತೀರಿಕೊಂಡ ಮೇಲೆ, ಮೂರು ವರ್ಷದಿಂದ, ತಟ್ಟಲು ಮಡಕೆಯಿಲ್ಲದೆ ಅವಳ ಕೈ ಹಂಬಲಿಸುತ್ತಿತ್ತು.

ತಾನು ಕೆಲಸಕ್ಕೆ ಹೋಗುವ ಮಾಚೇನಹಳ್ಳಿಯ ಫ್ಯಾಕ್ಟರಿಗೆ ರಜೆಯಿದ್ದ ದಿನ ರಂಜಿನಿಯೇ ತಿಗರಿಗೆ ಕೂತಳು. ಯಲ್ಲಮ್ಮ ಬೇಡವೆನ್ನಲಿಲ್ಲ. ಸೊಟ್ಟಗೆ ಎದ್ದ ಮಣ್ಣು ನೋಡಿ, “ಮಡಕೆನೋ ಮೂಲಂಗಿನೋ, ಮಾರಾಯ್ತಿ?” ಎಂದು ನಕ್ಕಳು. ಆರಿದ ಮೇಲೆ ಮಡಿಲಲ್ಲಿಟ್ಟು ತಟ್ಟಿದಳು. ತಳವೇನೋ ಕೂಡಿತು. ರಾಮಯ್ಯನ ಮಡಕೆಯ ಹದ ಮಾತ್ರ ಕೈಗೆ ಸಿಗಲೇ ಇಲ್ಲ. ಮಗಳ ಮಡಕೆಯನ್ನು ನೆರಳಿಗಿಟ್ಟು, ಕೈಯ ಮಣ್ಣು ತೊಳೆದುಕೊಂಡು, ಮುದ್ದೆಗೆ ಎಸರಿಟ್ಟಳು.